ವಂಡರ್‌ಲಾ ಬಳಿ ಮನೆ ಹುಡುಕುವವರಿಗೆ

ಬಿಡದಿಯ ವಂಡರ್‌ಲಾದಲ್ಲಿ ಕೆಲಸ ಸಿಕ್ಕಿ ಬಳ್ಳಾರಿಯಿಂದ ಕುಟುಂಬ ಸಮೇತ ಹೊರಟವರು, ಪಾರ್ಕಿನ ಗೇಟಿಗೆ ಎಷ್ಟು ಹತ್ತಿರ ಎಂಬುದೊಂದನ್ನೇ ನೋಡಿ ಮುಂಗಡ ಕೊಡಬಾರದೆಂದು ಕಳಕಳಿಯಿಂದ ಹೇಳುತ್ತಿದ್ದೇನೆ. ಮೊದಲು ರಸ್ತೆಯನ್ನು ಗಮನಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಬೈಕಿನಲ್ಲಿ ಓಡಾಡುವವರು ಸರ್ವಿಸ್ ರಸ್ತೆಯನ್ನೇ ನಂಬಬೇಕಾಗುತ್ತದೆ, ನಕ್ಷೆಯಲ್ಲಿ ಎದುರಿಗೇ ಕಾಣುವ ಮನೆಗೂ ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕಾಗಬಹುದು. ಭಾನುವಾರ ಸಂಜೆ, ಪಾರ್ಕಿನ ಜನವೆಲ್ಲ ಒಮ್ಮೆಲೇ ಹೊರಬೀಳುವ ಹೊತ್ತಿಗೆ, ಆ ದಾರಿಯಲ್ಲಿ ಒಮ್ಮೆ ನೀವೇ ಹೋಗಿ ಬನ್ನಿ.

ಮಕ್ಕಳ ಶಾಲೆ, ಅಂಗಡಿ, ರೈಲು ಮುಖ್ಯವೆನಿಸಿದವರಿಗೆ ಬಿಡದಿ ಪಟ್ಟಣವೇ ಮೇಲು ಎಂಬುದು ನನ್ನ ಅಭಿಪ್ರಾಯ. ಮನೆಯವರಲ್ಲಿ ಒಬ್ಬರು ಬೆಂಗಳೂರಿಗೆ ದುಡಿಯಲು ಹೋಗುವುದಾದರೆ, ನೇರಳೆ ಮಾರ್ಗದ ಮೆಟ್ರೊ 2023ರಲ್ಲಿ ಕೆಂಗೇರಿಯನ್ನೂ ದಾಟಿ ಚಲ್ಲಘಟ್ಟದವರೆಗೆ ಬಂದಿರುವುದರಿಂದ ಕೆಂಗೇರಿಯ ಕಡೆ ನೋಡಬಹುದು. ಬಳ್ಳಾರಿಯ ಮೂಲಕ ಬರುವ ನಮ್ಮ ಹಂಪಿ ಎಕ್ಸ್‌ಪ್ರೆಸ್ ರೈಲು ಮೈಸೂರಿಗೆ ಹೋಗುವುದೂ ಕೆಂಗೇರಿ, ಬಿಡದಿಯ ರೈಲು ಹಳಿಯ ಮೇಲೆಯೇ.

ನೀರಿನ ವಿಚಾರದಲ್ಲಿ ಮಾತ್ರ ಸಂಕೋಚ ಬೇಡ. ಅಡುಗೆಮನೆಯ ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿದ್ದರೆ ಅದು ಗಡಸು ನೀರಿನ ಗುರುತು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಖರ್ಚು ಯಾರದೆಂಬುದನ್ನು ಬಾಡಿಗೆ ಕರಾರುಪತ್ರದಲ್ಲೇ ಬರೆಸಿಕೊಳ್ಳಿ.