ಮೂವತ್ತೊಂದರಲ್ಲಿ ಮತ್ತೆ ಸ್ಟೂಡೆಂಟ್: ದಾವಣಗೆರೆಯಿಂದ ಕೆಮ್ನಿಟ್ಸ್‌ಗೆ

ಕೆಲ್ಸ ಹೋಗಿ ಊರಿಗೆ ವಾಪಸ್ ಬಂದಿರೋ ಮೂವತ್ತರ ಆಸುಪಾಸಿನೋರು ನನ್ನ ಹತ್ರ ಕೇಳೋದು ಎರಡೇ ಪ್ರಶ್ನೆ, ಈ ವಯಸ್ಸಲ್ಲಿ ಜರ್ಮನಿಯಲ್ಲಿ ಓದೋಕೆ ಅಡ್ಮಿಶನ್ ಕೊಡ್ತಾರಾ, ಗ್ಯಾಪ್ ಇದ್ರೆ ವೀಸಾ ಆಗುತ್ತಾ ಅಂತ. ನನಗೆ ಎರಡೂ ಆಯ್ತು, ಅದ್ರಲ್ಲಿ ಅಂಥಾ ಕಷ್ಟ ಇರ್ಲಿಲ್ಲ. ತಲೆ ಕೆಡಿಸಿದ್ದು ಬೇರೆ ವಿಷಯ: ಯಾವ ಕಾಗದ ಮೊದ್ಲು ಬರ್ಬೇಕು, ದುಡ್ಡು ಯಾವಾಗ ಎಲ್ಲಿ ಇರ್ಬೇಕು, ಮೂವತ್ತು ದಾಟಿದೋರಿಗೆ ಹೆಲ್ತ್ ಇನ್ಶೂರೆನ್ಸ್ ಏನು. ಅದನ್ನೇ ಬಿಡಿಸಿ ಹೇಳ್ತೀನಿ.

ನಾನು ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಮೆಕ್ಯಾನಿಕಲ್ ಮಾಡ್ದೋನು. ಬೆಂಗ್ಳೂರಲ್ಲಿ ಪೀಣ್ಯದ ಕಡೆ ಒಂದು ಆಟೋ ಪಾರ್ಟ್ಸ್ ಕಂಪನೀಲಿ ವರ್ಷಗಟ್ಟಲೆ ಪ್ರೊಡಕ್ಷನ್‌ನಲ್ಲಿ ಇದ್ದೆ, 2024ರ ಶುರುವಲ್ಲಿ ನಮ್ಮ ಲೈನನ್ನೇ ಮುಚ್ಚಿದ್ರು, ಒಂದೇ ವಾರದಲ್ಲಿ ನಮ್ಮ ಟೀಮಿನೋರೆಲ್ಲ ಮನೆಗೆ. ಬೇರೆ ಕಡೆ ಇಂಟರ್‌ವ್ಯೂ ಕೊಟ್ರೆ ಅರ್ಧ ಸಂಬಳಕ್ಕೆ ಕರೀತಿದ್ರು. ರೂಮ್ ಖಾಲಿ ಮಾಡಿ ದಾವಣಗೆರೆಯ ನಿಟ್ಟುವಳ್ಳಿ ಮನೆಗೆ ಬಂದೆ. ಬೀದೀಲಿ ಸಿಕ್ಕೋರೆಲ್ಲ "ಯಾವಾಗ್ ಬಂದೆ, ಎಷ್ಟ್ ದಿನ ರಜಾ?" ಅಂತ ಕೇಳೋರು, ಅದಕ್ಕೆ ಉತ್ರ ಕೊಡೋದು ಎಷ್ಟು ಕಷ್ಟ ಅನ್ನೋದು ಅನುಭವಿಸಿದೋರಿಗೇ ಗೊತ್ತು. ನಮ್ಮ ಅಪ್ಪಾಜಿ ಮಾತ್ರ ಒಂದು ಮಾತೂ ಕೇಳ್ಲಿಲ್ಲ. ಅವ್ರು ಹರಿಹರದಲ್ಲಿ ಒಂದು ಕಾರ್ಖಾನೇಲಿ ಟರ್ನರ್ ಆಗಿದ್ದೋರು, ಅದು ಬಾಗಿಲು ಹಾಕಿದಾಗ ನಾನು ಸಣ್ಣೋನು.

ಸುಮ್ನೆ ಕೂರೋದು ಬೇಡ ಅಂತ ಮಾವನ ವರ್ಕ್‌ಶಾಪಿಗೆ ಹೋಗೋಕೆ ಶುರು ಮಾಡ್ದೆ. ಮೆಕ್ಕೆಜೋಳ ಬಿಡಿಸೋ ಮಷೀನು ರಿಪೇರಿ ಮಾಡ್ತಾರೆ, ಹೊಸಾದೂ ಕಟ್ಟಿ ಕೊಡ್ತಾರೆ, ಸೀಸನ್‌ನಲ್ಲಿ ಕೈಗೆ ಬಿಡುವೇ ಇರಲ್ಲ. ಅಲ್ಲಿ ಡ್ರಮ್ಮಿನ ಬೇರಿಂಗ್ ಪದೇ ಪದೇ ಹೋಗ್ತಿತ್ತು, ಶಾಫ್ಟಿನ ಡ್ರಾಯಿಂಗ್ ಹೊಸದಾಗಿ ಮಾಡಿಕೊಟ್ಟೆ. ಮುಂದೆ ಎಸ್‌ಒಪಿ, ಅಂದ್ರೆ ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಕೊಡೋ ಪತ್ರ, ಬರೆಯುವಾಗ ಇದನ್ನೇ ಬರ್ದೆ: ಲೈನ್ ಮುಚ್ಚಿದ್ರು, ಕೆಲ್ಸ ಹೋಯ್ತು, ಊರಲ್ಲಿ ಈ ಕೆಲ್ಸ ಮಾಡ್ದೆ, ಇದ್ರಿಂದ ಮ್ಯಾನುಫ್ಯಾಕ್ಚರಿಂಗ್ ಇನ್ನೂ ಓದ್ಬೇಕು ಅನ್ನಿಸ್ತು. ಇದ್ದದ್ದು ಇದ್ದಂಗೆ. ಗ್ಯಾಪ್ ಮುಚ್ಚಿಡೋಕೆ ಹೋಗಿ ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸೋರನ್ನ ನೋಡಿದೀನಿ, ದಯವಿಟ್ಟು ಬೇಡ, ಭಾರತದೋರ ಸರ್ಟಿಫಿಕೇಟು ಅಸಲಿಯೋ ಅಲ್ವೋ ನೋಡೋಕೆ ಅಂತಾನೇ ಜರ್ಮನಿಯೋರು ಎಪಿಎಸ್ ಅನ್ನೋ ಪರಿಶೀಲನೆ ಇಟ್ಟಿರೋದು.

ಈ ಎಪಿಎಸ್ಸೇ ಮೊದಲ ಮೆಟ್ಟಿಲು. 2022ರ ನವೆಂಬರ್‌ನಿಂದ ಭಾರತದಿಂದ ಹೋಗೋರ ಸ್ಟೂಡೆಂಟ್ ವೀಸಾಗೆ ಇದು ಕಡ್ಡಾಯ, ಫೀ 18,000 ರೂಪಾಯಿ ಕಟ್ಟಿದ್ದೆ. ಇದಕ್ಕೆ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಪಾಸ್‌ಪೋರ್ಟು ಎಲ್ಲ ಬೇಕು, ಹಳೇ ಬ್ಯಾಚಿನೋರು ಟ್ರಾನ್ಸ್‌ಕ್ರಿಪ್ಟಿಗೆ ವಿಟಿಯುಗೆ ಆದಷ್ಟು ಬೇಗ ಅರ್ಜಿ ಹಾಕ್ಬಿಡಿ, ಅದು ಬೆಳಗಾವಿಯಿಂದ ಬರೋವರೆಗೂ ಬೇರೆ ಏನೂ ಮುಂದಕ್ಕೆ ಹೋಗಲ್ಲ. ಇನ್ನೊಂದು, ನಮ್ಮ ಕಡೆ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತೆ, ಪಾಸ್‌ಪೋರ್ಟಲ್ಲಿ ಅದೇ ಇನಿಷಿಯಲ್ ಅಪ್ಪನ ಹೆಸರಾಗಿ ಊರ ಹೆಸರಾಗಿ ಬಿಡಿಸ್ಕೊಂಡು ಕೂತಿರುತ್ತೆ. ಎರಡೂ ಒಬ್ಬನದೇ ಅಂತ ಕೋರ್ಟ್ ಹತ್ರ ನೋಟರಿಯಿಂದ ಅಫಿಡವಿಟ್ ಮಾಡಿಸಿ ಇಟ್ಕೊಂಡಿದ್ದೆ, ಬ್ಯಾಂಕಲ್ಲೂ ಅದೇ ಕೆಲ್ಸಕ್ಕೆ ಬಂತು.

ಮಾರ್ಕ್ಸ್ ಬಗ್ಗೆ ಹೇಳ್ಬೇಕು. ಅಲ್ಲಿ 1.0 ಅಂದ್ರೆ ಎಲ್ಲಕ್ಕಿಂತ ಒಳ್ಳೇದು, 4.0 ಬಂದ್ರೆ ಪಾಸು. ನಮ್ಮದನ್ನ ಬದಲಾಯಿಸೋಕೆ ಬವೇರಿಯನ್ ಫಾರ್ಮುಲಾ ಅಂತಿದೆ: ಗರಿಷ್ಠ ಅಂಕದಲ್ಲಿ ನಿಮ್ಮ ಅಂಕ ಕಳೀರಿ, ಅದನ್ನ ಗರಿಷ್ಠ ಅಂಕಕ್ಕೂ ಪಾಸ್ ಅಂಕಕ್ಕೂ ಇರೋ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿ. ನೂರಕ್ಕೆ 70 ಬಂದು ಪಾಸ್ ಮಾರ್ಕ್ 40 ಅಂತ ಹಿಡಿದ್ರೆ 2.5 ಬರುತ್ತೆ. ತುಂಬಾ ಕೋರ್ಸ್‌ಗಳು 2.5 ಕೇಳ್ತವೆ, ಹಾಗಾಗಿ ಮೊದ್ಲು ಈ ಲೆಕ್ಕ ಹಾಕಿ, ಆಮೇಲೆ ಕೋರ್ಸ್ ಹುಡುಕಿ. ಯೂನಿವರ್ಸಿಟಿಗಳ ಪರವಾಗಿ ಹೊರದೇಶದೋರ ಅರ್ಜಿ ನೋಡೋ ಯೂನಿ-ಅಸಿಸ್ಟ್ ಅನ್ನೋ ಸಂಸ್ಥೆ ಮೂಲಕ ಹೋದ್ರೆ ಮೊದಲನೇದಕ್ಕೆ 75 ಯೂರೋ, ಅದೇ ಸೆಮಿಸ್ಟರ್‌ಗೆ ಆಮೇಲಿನ ಒಂದೊಂದಕ್ಕೂ 30.

ಈಗ ದುಡ್ಡು. ಜರ್ಮನಿಯ ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಶನ್ ಫೀ ಇಲ್ಲ, ಆದ್ರೆ ಎಲ್ಲಾ ಕಡೆ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥೋರಿಗೆ ಸೆಮಿಸ್ಟರ್‌ಗೆ 1,500 ಯೂರೋ, ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಯಲ್ಲೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಫೀ ಇದೆ. ಫೀ ಇಲ್ಲದ ಕಡೆ ಹೋದ್ರೂ ಬ್ಲಾಕ್ಡ್ ಅಕೌಂಟ್ ತಪ್ಪಲ್ಲ: ವರ್ಷಕ್ಕೆ 11,904 ಯೂರೋ ಮೊದಲೇ ಹಾಕಿಡ್ಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಅಂತ ವಾಪಸ್ ಬಿಡ್ತಾರೆ. ನಾನು ಹಾಕುವಾಗ ಯೂರೋ ನೂರು ರೂಪಾಯಿ ಹತ್ರ ಇತ್ತು, ಅಂದ್ರೆ ಹತ್ತತ್ರ 12 ಲಕ್ಷ.

ಮನೇಲಿ ಕೇಳೋ ಮೊದ್ಲು ಎರಡು ವರ್ಷದ ಖರ್ಚು ಬಡ್ಡಿ ಸಮೇತ ಒಂದು ನೋಟ್‌ಬುಕ್ಕಲ್ಲಿ ಬರ್ದೆ, ಓದು ಮುಗಿದು ಕೆಲ್ಸ ಸಿಗದೆ ಹೋದ್ರೆ ಏನು ಅಂತ ಇನ್ನೊಂದು ಪುಟ. ಅಪ್ಪಾಜಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಓದಿ ಅಂದ್ರು, "ನೋಡಪ್ಪಾ, ಮನೆ ಪತ್ರ ಕೊಡ್ತೀನಿ, ನಿನ್ನ ತಂಗಿ ಮದ್ವೆಗೆ ಇಟ್ಟಿರೋ ದುಡ್ಡು ಮಾತ್ರ ಮುಟ್ಟಂಗಿಲ್ಲ." ನನಗೆ ಇದಕ್ಕಿಂತ ದೊಡ್ಡ ಆಶೀರ್ವಾದ ಬೇಕಿರ್ಲಿಲ್ಲ. ಅಮ್ಮಂದು ಒಂದೇ ಚಿಂತೆ, "ಮದ್ವೆ ವಯಸ್ಸಲ್ಲಿ ಇಸ್ಕೂಲಿಗೆ ಹೊಂಟಿಯಲ್ಲೋ." ಅವ್ರ ಭಯ ಸುಳ್ಳಲ್ಲ, ಅದಕ್ಕೆ ನನ್ನ ಹತ್ರ ಉತ್ರ ಇರ್ಲಿಲ್ಲ, ಈಗ್ಲೂ ಇಲ್ಲ.

ಬ್ಯಾಂಕಲ್ಲಿ ಒಂದು ಹೊಸ ಸಮಸ್ಯೆ. ಅವ್ರಿಗೆ ಫೀ ಕಟ್ಟೋಕೆ ಸಾಲ ಕೊಟ್ಟು ರೂಢಿ, ಇಲ್ಲಿ ಫೀಯೇ ಇಲ್ಲ, ಬರೀ ಅಲ್ಲಿಯ ಖರ್ಚಿಗೆ ಇಷ್ಟು ಲಕ್ಷ ಅಂದ್ರೆ ಅರ್ಥ ಮಾಡಿಸೋದೇ ಕೆಲ್ಸ. ಬ್ಲಾಕ್ಡ್ ಅಕೌಂಟಿಗೆ ನೇರವಾಗಿ ಹಾಕ್ತೀರಾ ಅನ್ನೋದನ್ನ ಸ್ಯಾಂಕ್ಷನ್ ಲೆಟರಲ್ಲೇ ಬರೆಸ್ಕೊಳ್ಳಿ, ಬಾಯಿಮಾತು ಸಾಲದು. ಮನೆಗೆ ಪಾಲಿಕೆಯ ಇ-ಆಸ್ತಿ ಖಾತೆ, ಇ.ಸಿ. (ಋಣಭಾರ ಪತ್ರ), ವಕೀಲರ ಲೀಗಲ್ ಒಪೀನಿಯನ್, ವ್ಯಾಲ್ಯುಯೇಶನ್ ಎಲ್ಲ ಬೇಕಾಯ್ತು. ಚನ್ನಗಿರಿ ಕಡೆ ಇರೋ ಅಡಿಕೆ ತೋಟ ಇಡ್ತೀನಿ ಅಂದೆ, ಬೇಸಾಯದ ಜಮೀನು ಬೇಡ ಅಂದ್ರು. ಇಂಥ ಸಾಲದ ಬಡ್ಡಿಗೆ ಹಳೇ ಟ್ಯಾಕ್ಸ್ ಪದ್ಧತೀಲಿ 8 ವರ್ಷದವರೆಗೂ ವಿನಾಯ್ತಿ ಇದೆ, ಅದೂ ಗೊತ್ತಿರ್ಲಿ.

ಮೂವತ್ತು ದಾಟಿದೋರು ಮುಖ್ಯವಾಗಿ ಇದನ್ನ ಓದಿ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೇಲಿ ಸ್ಟೂಡೆಂಟ್ ದರ ಅಂತ ಕಮ್ಮಿ ದರ ಇದೆ, ಅದು 30 ವರ್ಷ ತುಂಬೋವರೆಗೆ ಮಾತ್ರ. ಇಪ್ಪತ್ತೆರಡರ ಹುಡುಗ್ರು ಹೇಳೋ ಖರ್ಚಿನ ಲೆಕ್ಕ ನಮಗೆ ಹೊಂದಲ್ಲ. ನಾನು ಪ್ರೈವೇಟ್ ವಿಮೆ ತಗೊಂಡೆ, ಹಲ್ಲು, ಹಳೇ ಕಾಯಿಲೆ ಯಾವುದಕ್ಕೆಲ್ಲ ಕೊಡಲ್ಲ ಅಂತ ಪೂರ್ತಿ ಓದಿ ಆಮೇಲೆ ಸಹಿ ಹಾಕ್ದೆ. ಬರೀ ಕಮ್ಮಿ ಇದೆ ಅಂತ ಟ್ರಾವೆಲ್ ಇನ್ಶೂರೆನ್ಸ್ ತಗೊಂಡ್ರೆ ಎನ್ರೋಲ್‌ಮೆಂಟಲ್ಲೋ ವೀಸಾ ವಿಸ್ತರಣೆಯಲ್ಲೋ ಸಿಕ್ಕಾಕ್ಕೋತೀರಿ.

2025ರ ಅಕ್ಟೋಬರ್ ಸೆಮಿಸ್ಟರ್‌ಗೆ ಕೆಮ್ನಿಟ್ಸ್‌ಗೆ ಬಂದೆ. ಊರು ಸ್ಯಾಕ್ಸನಿ ರಾಜ್ಯದಲ್ಲಿದೆ, 1953ರಿಂದ 1990ರವರೆಗೆ ಇದರ ಹೆಸರು ಕಾರ್ಲ್-ಮಾರ್ಕ್ಸ್-ಸ್ಟಾಟ್, ಊರ ಮಧ್ಯೆ ಕಾರ್ಲ್ ಮಾರ್ಕ್ಸ್‌ನ ಏಳು ಮೀಟರ್ ಎತ್ತರದ ಕಂಚಿನ ತಲೆ ಇನ್ನೂ ಇದೆ. ಬಟ್ಟೆ ಗಿರಣಿ, ಮಗ್ಗದ ಮಷೀನುಗಳಿಂದ ಬೆಳೆದ ಊರಾಗಿದ್ರಿಂದ ಸ್ಯಾಕ್ಸನಿಯ ಮ್ಯಾಂಚೆಸ್ಟರ್ ಅಂತಿದ್ರಂತೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸ್ಕೊಂಡ ಊರಿಂದ ಬಂದೋನಿಗೆ ಇದನ್ನ ಕೇಳಿ ಒಂಥರಾ ಸಮಾಧಾನ ಆಯ್ತು. ಇಲ್ಲೂ ಕಾರ್ಖಾನೆ ಮುಚ್ಚಿ ಜನ ಊರು ಬಿಟ್ಟು ಹೋಗಿದ್ರು, ಆದ್ರೂ ಮಷೀನಿನ ಓದು ನಿಲ್ಲಿಸ್ಲಿಲ್ಲ.

ಬಂದ ಎರಡು ವಾರದಲ್ಲಿ ವಿಳಾಸ ರಿಜಿಸ್ಟರ್ ಮಾಡಿಸ್ಬೇಕು, ಭಾನುವಾರ ಅಂಗಡಿ ಮುಚ್ಚಿರುತ್ತೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ, ಇವಕ್ಕೆಲ್ಲ ಬೇಗ ಹೊಂದ್ಕೊಂಡೆ. ಕಷ್ಟ ಆಗಿದ್ದು ಮ್ಯಾಥ್ಸ್. ಹತ್ತು ವರ್ಷದ ಹಿಂದೆ ಬಿಟ್ಟ ಡಿಫರೆನ್ಷಿಯಲ್ ಈಕ್ವೇಶನ್ನು ಇಲ್ಲಿ ಬರುತ್ತೆ ಅಂತಲೇ ಇಂಜಿನಿಯರಿಂಗ್ ಮ್ಯಾಥ್ಸಿನ ಎಂ-3, ಎಂ-4 ಪುಸ್ತಕ ಹಿಡ್ಕೊಂಡು ದಾವಣಗೆರೇಲೇ ಬೆಳಿಗ್ಗೆ ಎದ್ದು ಲೆಕ್ಕ ಮಾಡ್ತಿದ್ದೆ, ಅದು ಕೈ ಹಿಡೀತು. ಸಾಮಾನ್ಯವಾಗಿ ಒಂದೇ ಪರೀಕ್ಷೇಲಿ ಮೂರು ಸಲ ಫೇಲ್ ಆದ್ರೆ ಕೋರ್ಸಿಂದಲೇ ಹೊರಗೆ, ನಮ್ಮಲ್ಲಿ ಥರ ಬ್ಯಾಕ್ ಇಟ್ಕೊಂಡು ಹೋಗಕ್ಕಾಗಲ್ಲ. ಲ್ಯಾಬಿಗೆ ಬಂದ್ರೆ ಮಾತೇ ಬೇರೆ, ಟಾಲರೆನ್ಸ್, ಅಂದ್ರೆ ಅಳತೇಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅನ್ನೋದ್ರ ಬಗ್ಗೆ ಮೇಷ್ಟ್ರು ಕೇಳಿದಾಗ ಶಾಪ್ ಫ್ಲೋರಲ್ಲಿ ಕಳೆದ ವರ್ಷಗಳೇ ಉತ್ರ ಕೊಡ್ತವೆ. ಈಗ ಒಂದು ಇನ್‌ಸ್ಟಿಟ್ಯೂಟಲ್ಲಿ ಸ್ಟೂಡೆಂಟ್ ಅಸಿಸ್ಟೆಂಟ್ ಆಗಿ ಕೆಲ್ಸ ಮಾಡ್ತಿದೀನಿ. ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ಕೆಲ್ಸಕ್ಕೆ ಅವಕಾಶ ಇದೆ, ಯೂನಿವರ್ಸಿಟಿಯೊಳಗಿನ ಇಂಥ ಕೆಲ್ಸ ಆ ಲೆಕ್ಕಕ್ಕೆ ಬರಲ್ಲ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ.

ಓದು ಮುಗಿದ ಮೇಲೆ ಕೆಲ್ಸ ಹುಡುಕೋಕೆ 18 ತಿಂಗಳು ಸಿಗುತ್ತೆ. ಕ್ಲಾಸ್ ಇಂಗ್ಲಿಷಲ್ಲಿ ನಡೆದ್ರೂ ಕಾರ್ಖಾನೆಯೊಳಗೆ ಜರ್ಮನ್ ಬೇಕೇ ಬೇಕು, ನಾನು ಊರಲ್ಲೇ ಭಾಷೆಯ ಮೊದಲ ಎರಡು ಹಂತ ಎ1, ಎ2 ಮುಗಿಸ್ಕೊಂಡು ಬಂದಿದ್ದೆ, ಈಗ ಬಿ1ಗೆ ಓದ್ತಿದೀನಿ. ಪೀಣ್ಯದಲ್ಲಿ ನನ್ನ ಜೊತೆ ಇದ್ದೋನೊಬ್ಬ, 34 ವರ್ಷ, ಮಗು ಇದೆ, ಮೊನ್ನೆ ಎಪಿಎಸ್‌ಗೆ ಹಾಕಿದಾನೆ. ವಿಮೆ ವಿಚಾರ ಮೊದಲೇ ಹೇಳಿದೀನಿ, ನನ್ನ ಲೆಕ್ಕದ ನೋಟ್‌ಬುಕ್ಕಿನ ಫೋಟೋನೂ ಕಳಿಸಿದೀನಿ, ಹೆಂಡ್ತಿ ಮಗು ಖರ್ಚಿನ ಕಾಲಂ ಅವನೇ ಸೇರಿಸ್ಕೋಬೇಕು, ಈ ಭಾನುವಾರ ಇಬ್ರೂ ಫೋನಲ್ಲಿ ಕೂತು ಅದನ್ನ ಮಾಡ್ತೀವಿ.