ಮಾತ್ರೆ ಸೇರಿಸುವ ಮೊದಲು ತೆಗೆಯುವುದು: ನನ್ನ ಅನುಭವ

ನಾನು ದೊಡ್ಡವರ ಮೂರ್ಛೆರೋಗ ನೋಡುವ ವೈದ್ಯ. ಸರಿಯಾದ ಎರಡು ಔಷಧಿ, ಸರಿಯಾದ ಡೋಸ್‌ನಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗ ಅಂತೀವಿ. ನನ್ನ ಹತ್ತಿರ ಬರುವ ಕೆಲವರು ಈ ಗೆರೆಯನ್ನು ಇಪ್ಪತ್ತು ವರ್ಷದ ಹಿಂದೆಯೇ ದಾಟಿರುತ್ತಾರೆ. ನಾಲ್ಕು ಮಾತ್ರೆ ನಡೆಯುತ್ತಿರುತ್ತದೆ. ಫೈಲಿನಲ್ಲಿ ಕಾರಣ ಅಂತ ಇರುವ ಜಾಗದಲ್ಲಿ 'ಗೊತ್ತಿಲ್ಲ' ಅಥವಾ 'ಚಿಕ್ಕಂದಿನ ಮಿದುಳು ಜ್ವರ' ಅಂತ ಬರೆದಿರುತ್ತದೆ.

ಇಂಥವರಿಗೆ ನಾನು ಐದನೇ ಮಾತ್ರೆ ಬರೆಯುವುದಿಲ್ಲ. ಮೊದಲು ತಾಯಿಯನ್ನು ಕೂರಿಸಿಕೊಂಡು ಮಗುವಿನ ಮೊದಲ ವರ್ಷದ ಕಥೆ ಕೇಳುತ್ತೇನೆ. ಎಷ್ಟೇ ವರ್ಷವಾಗಿದ್ದರೂ ಅಮ್ಮಂದಿರು ಅದನ್ನು ಮರೆತಿರುವುದಿಲ್ಲ. 'ಆರು ತಿಂಗಳಿತ್ತು, ಮೈ ಸ್ವಲ್ಪ ಬಿಸಿ ಇತ್ತು, ಎಡಗೈ ಎಡಗಾಲು ಮಾತ್ರ ಅರ್ಧ ಗಂಟೆ ಅದುರಿತು. ಇನ್ನೊಂದು ಸಲ ಬಲಗಡೆ. ಅಲ್ಲಿವರೆಗೂ ಎಲ್ಲ ಮಕ್ಕಳ ಹಾಗೇ ಇತ್ತು.' ಈ ಮಾತು ಬಂದರೆ ನನ್ನ ತಲೆಯಲ್ಲಿ ಡ್ರಾವೆಟ್ ಸಿಂಡ್ರೋಮ್ ಬರುತ್ತದೆ, ಅಂದರೆ ಮೊದಲ ವರ್ಷದಲ್ಲೇ ಶುರುವಾಗುವ, ಜೀನ್ ದೋಷದ ಒಂದು ಮೂರ್ಛೆರೋಗ. ಆಮೇಲೆ ರೋಗಿಯನ್ನು ಕಾರಿಡಾರಿನಲ್ಲಿ ನಡೆಸುತ್ತೇನೆ. ಮಂಡಿ ಬಗ್ಗಿಸಿಕೊಂಡು, ಮುಂದಕ್ಕೆ ವಾಲಿ ನಡೆದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ.

ಷಾರ್ಲೊಟ್ ಡ್ರಾವೆಟ್ ಈ ರೋಗವನ್ನು ವಿವರಿಸಿದ್ದು 1978ರಲ್ಲಿ. ಎಸ್‌ಸಿಎನ್1ಎ ಜೀನ್‌ನ ದೋಷ ಇದಕ್ಕೆ ಕಾರಣ ಅಂತ ಗೊತ್ತಾಗಿದ್ದು 2001ರಲ್ಲಿ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಅದಕ್ಕೂ ಮೊದಲೇ ಹುಟ್ಟಿದವರು. ಪರೀಕ್ಷೆ ಬರುವಷ್ಟರಲ್ಲಿ ಮಕ್ಕಳ ವೈದ್ಯರ ಕೈ ದಾಟಿ ಬಂದಾಗಿತ್ತು. ಹಾಗಾಗಿ ವಯಸ್ಸು ನಲವತ್ತಾಗಿದ್ದರೂ ಜೀನ್ ಪರೀಕ್ಷೆ ಮಾಡಿಸುತ್ತೇನೆ. 'ಈಗ ಗೊತ್ತಾಗಿ ಏನು ಪ್ರಯೋಜನ?' ಅಂತ ಮನೆಯವರು ಕೇಳುತ್ತಾರೆ. ಪ್ರಯೋಜನ ದೊಡ್ಡದೇ ಇದೆ. ಈ ರೋಗದಲ್ಲಿ ಮಿದುಳಿನ ಬ್ರೇಕ್ ಹಾಕುವ ನರಕೋಶಗಳಲ್ಲೇ ಸೋಡಿಯಂ ಚಾನೆಲ್, ಅಂದರೆ ಸೋಡಿಯಂ ಒಳಬಿಡುವ ಬಾಗಿಲು, ಕಮ್ಮಿ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್ ಮಾತ್ರೆಗಳು ಆ ಚಾನೆಲನ್ನೇ ತಡೆಯುತ್ತವೆ. ಅಂದರೆ ವರ್ಷಗಟ್ಟಲೆ ನುಂಗಿದ ಮಾತ್ರೆಯೇ ಫಿಟ್ಸ್ ಹೆಚ್ಚಿಸುತ್ತಿರಬಹುದು.

ಎಲ್ಲಕ್ಕಿಂತ ನಿಧಾನದ ಕೆಲಸ ಅದನ್ನು ತೆಗೆಯುವುದು. ಒಂದು ಸಲಕ್ಕೆ ಒಂದೇ ಔಷಧಿ ಮುಟ್ಟುತ್ತೇನೆ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ. ಸಟ್ಟಂತ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ಇಳಿಸಿದ ಮೇಲೆ ಕೆಲವರಲ್ಲಿ ಕೆಟ್ಟದಾಗುವುದೂ ಉಂಟು. ಆಗ ಹಿಂದಿನ ಡೋಸ್‌ಗೇ ಹೋಗುತ್ತೇನೆ. ಜೀನ್ ರಿಪೋರ್ಟ್ ಏನೇ ಹೇಳಲಿ, ಕೊನೆಗೆ ಎದುರಿಗೆ ಕೂತ ಮನುಷ್ಯನೇ ಮುಖ್ಯ ಅಲ್ವಾ.

ಜೊತೆಗೆ ಈ ರೋಗಕ್ಕೆ ಹೊಂದುವ ಔಷಧಿಗಳಾದ ವ್ಯಾಲ್‌ಪ್ರೊಯೇಟ್, ಕ್ಲೋಬಜಾಮ್ ಸರಿಹೊಂದಿಸುತ್ತೇನೆ. ಬೇಕಾದರೆ ಸ್ಟಿರಿಪೆಂಟಾಲ್, ಕ್ಯಾನಬಿಡಿಯಾಲ್ ಅಥವಾ ಫೆನ್‌ಫ್ಲುರಮಿನ್. ಕ್ಯಾನಬಿಡಿಯಾಲ್ ಶುರು ಮಾಡಿದ ಮೇಲೆ ಮನೆಯವರು 'ದಿನವಿಡೀ ನಿದ್ದೆ' ಅಂದರೆ ನಾನು ಮೊದಲು ಇಳಿಸುವುದು ಕ್ಲೋಬಜಾಮ್. ಕ್ಲೋಬಜಾಮ್ ಒಡೆದು ಆಗುವ ಇನ್ನೊಂದು ರಾಸಾಯನಿಕ ಕ್ಯಾನಬಿಡಿಯಾಲ್‌ನಿಂದಾಗಿ ರಕ್ತದಲ್ಲಿ ಏರಿರುತ್ತದೆ. ಫೆನ್‌ಫ್ಲುರಮಿನ್‌ ಕೊಟ್ಟರೆ ಹೃದಯದ ಎಕೋ ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ. ತೂಕ ಇಳಿಸುವ ಮಾತ್ರೆಯಾಗಿದ್ದ ಕಾಲದಲ್ಲಿ ಹೃದಯದ ಕವಾಟ ಕೆಡಿಸಿದ್ದಕ್ಕೆ 1997ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದ ಔಷಧಿ ಅದು. ಈಗ ಕೊಡುವ ಡೋಸ್ ಕಮ್ಮಿ, ಆದರೂ ನಿಗಾ ಬೇಕೇ ಬೇಕು.

ಎಲ್ಲ ಜೀನ್‌ಗೂ ಇದೇ ದಾರಿ ಅಲ್ಲ. ಎಸ್‌ಸಿಎನ್8ಎ ಜೀನ್‌ನ ಕೆಲವು ದೋಷಗಳಲ್ಲಿ ಡ್ರಾವೆಟ್‌ಗೆ ಆಗದ ಮಾತ್ರೆಗಳೇ ಚೆನ್ನಾಗಿ ಕೆಲಸ ಮಾಡುತ್ತವೆ. ಪಿಒಎಲ್‌ಜಿ ಅನ್ನುವ ಜೀನ್‌ನ ದೋಷ ಇದ್ದವರಿಗೆ ವ್ಯಾಲ್‌ಪ್ರೊಯೇಟ್ ಕೊಟ್ಟರೆ ಲಿವರ್ ಕೈಕೊಡಬಹುದು.

ಫಿಟ್ಸ್ ಪೂರ್ತಿ ನಿಂತುಹೋಗುವುದು ಅಪರೂಪ. ಇದನ್ನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಬಿದ್ದು ತಲೆ ಒಡೆದುಕೊಳ್ಳುವುದು ಕಮ್ಮಿಯಾಯಿತಾ, ಮಂಪರು ಹೋಗಿ ಮಗ ಟೇಬಲ್‌ ಹತ್ತಿರ ಬಂದು ಊಟಕ್ಕೆ ಕೂತನಾ ಅಂತ ಕೇಳುತ್ತೇನೆ. ನಿದ್ದೆಯಲ್ಲಿ ಹಠಾತ್ತನೆ ಸಾವು ಬರುವ ಅಪಾಯವನ್ನೂ ಮುಚ್ಚಿಡುವುದಿಲ್ಲ. ರಾತ್ರಿ ಯಾರಾದರೂ ಹತ್ತಿರ ಮಲಗಿ ಅಂತೀನಿ.

ಹೊರಡುವಾಗ ಒಂದು ಚೀಟಿ ಕೊಡುತ್ತೇನೆ, ತುರ್ತು ವಿಭಾಗದವರಿಗೆ ತೋರಿಸಲು: ರೋಗದ ಹೆಸರು, ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಔಷಧಿಯ ಡೋಸ್, ಕೆಳಗೆ ದಪ್ಪಕ್ಷರದಲ್ಲಿ 'ಫೆನಿಟಾಯಿನ್ ಬೇಡ'.