ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳುವ ಮುಂಚೆ

2024ರ ಜುಲೈ. ಯಾರಿಗೆ ಮೈ ಬಿಸಿಯಾದರೂ ಡೆಂಗಿ ಅನ್ನುತ್ತಿದ್ದ ದಿನಗಳು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಒಂದು ದಿನ ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಒಬ್ಬರು ಹೊರಗೆ ನಿಂತಿದ್ದರು. ರಾತ್ರಿಯಿಡೀ ನಿದ್ದೆ ಮಾಡಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

"ಸರ್, ಮಗನಿಗೆ ಬಿಳಿ ರಕ್ತಕಣ 38 ಸಾವಿರಕ್ಕೆ ಇಳಿದುಬಿಟ್ಟಿದೆ. ಬೆಂಗಳೂರಿಗೆ ಕಾರು ಹೇಳಿದ್ದೀನಿ."

ಆ ರಿಪೋರ್ಟ್ ಹಿಂದಿನ ರಾತ್ರಿ ನಾನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು. ಅಷ್ಟರಲ್ಲಿ ಅದು ನೆಂಟರ ಗ್ರೂಪಿಗೆಲ್ಲ ಹೋಗಿ ಬಂದಿತ್ತು. ಒಬ್ಬರು ಮೇಕೆ ಹಾಲು ಕುಡಿಸಿ ಅಂದಿದ್ದರು, ಇನ್ನೊಬ್ಬರು ಕಿವಿ ಹಣ್ಣು. 38 ಸಾವಿರ ಅಂತ ಇದ್ದದ್ದು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್; ಅದು ಬೇರೆ, ಬಿಳಿ ರಕ್ತಕಣ ಬೇರೆ ಅನ್ನುವುದನ್ನೂ ಯಾರೂ ಹೇಳಿರಲಿಲ್ಲ.

ಹುಡುಗ ಕಾರಿನಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದ. ನನಗೆ ಅನುಮಾನ ಬಂತು. ಕೆಲವರ ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಅನ್ನುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕಕ್ಕೆ ಸೇರಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುತ್ತವೆ. ಮೆಷಿನ್‌ಗೆ ಆ ಗುಂಪನ್ನು ಬಿಡಿಸಿ ಎಣಿಸಲು ಬರುವುದಿಲ್ಲ. ಹಾಗಾಗಿ ಸಂಖ್ಯೆ ಸುಳ್ಳೇ ಕಡಿಮೆ ತೋರಿಸುತ್ತದೆ. ಹಿಂದಿನ ದಿನದ ಅದೇ ಟ್ಯೂಬಿನಿಂದ ಒಂದು ಹನಿಯನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಂಚಿನಲ್ಲಿ ನೇರಳೆ ಚುಕ್ಕಿಗಳು ಗೊಂಚಲು ಗೊಂಚಲಾಗಿ ಕಂಡವು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ 1 ಲಕ್ಷ 30 ಸಾವಿರ. ಸಾಮಾನ್ಯವಾಗಿ ಇರಬೇಕಾದ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಡಾಕ್ಟರಿಗೆ ತೋರಿಸಿ ಅಂತ ಕಳಿಸಿದೆ. ಕಾರು ಬೆಂಗಳೂರಿಗೆ ಹೋಗಲಿಲ್ಲ.

ಆ ದಿನ ನನಗೆ ತುಂಬಾ ನಾಚಿಕೆಯಾಯಿತು. ಊರಲ್ಲಿ ಓಡಾಡುತ್ತಿದ್ದ ಗಾಬರಿಯಲ್ಲಿ ಒಂದು ಪಾಲು ನನ್ನ ಪ್ರಿಂಟರ್‌ನಿಂದಲೇ ಹೊರಟಿತ್ತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಮೆಷಿನ್ ಒಂದು ಲಕ್ಷಕ್ಕಿಂತ ಕಡಿಮೆ ತೋರಿಸಿದರೆ ಗಾಜಿನ ಮೇಲೆ ಕಣ್ಣಾರೆ ನೋಡದೆ ರಿಪೋರ್ಟ್ ಕೊಡುವುದಿಲ್ಲ. ಕಡಿಮೆ ಇರುವುದು ನಿಜವಾದರೆ ವಾಟ್ಸ್ಆ್ಯಪ್‌ಗೆ ಮುಂಚೆ ಫೋನ್ ಮಾಡುತ್ತೇನೆ. ಒಬ್ಬರಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಆಗಸ್ಟ್‌ನಲ್ಲಿ ನನ್ನ ಮಗಳಿಗೇ ಬಂತು. ಎರಡನೇ ದಿನ ಎನ್ಎಸ್1, ಅಂದರೆ ಡೆಂಗಿ ವೈರಸ್ಸಿನ ಅಂಶ ಹುಡುಕುವ ಪರೀಕ್ಷೆ, ಪಾಸಿಟಿವ್. ನಾಲ್ಕನೇ ದಿನ ಪ್ಲೇಟ್‌ಲೆಟ್ 68 ಸಾವಿರ. ಬೇರೆಯವರಿಗೆ ಧೈರ್ಯ ಹೇಳುತ್ತಿದ್ದ ನಾನು ಅವಳ ರಕ್ತವನ್ನು ಒಂದೇ ದಿನ ಮೂರು ಸಲ ತೆಗೆದೆ. 68, 64, 66. ಆ ಏರಿಳಿತಕ್ಕೆ ಅರ್ಥವೇ ಇಲ್ಲ ಅಂತ ಗೊತ್ತಿದ್ದೂ ತೆಗೆದೆ. ಮೂರನೇ ಸಲ ಸೂಜಿ ನೋಡಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ಸಂಜೆ ನಮ್ಮ ಡಾಕ್ಟರ್‌ಗೆ ಫೋನ್ ಮಾಡಿ ಮೂರು ಸಂಖ್ಯೆಗಳನ್ನೂ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಬೆಳಗ್ಗೆಯಿಂದ ಎಷ್ಟು ಸಲ ಒಂದಕ್ಕೆ ಹೋಗಿದ್ದಾಳೆ?" ನನಗೆ ಗೊತ್ತಿರಲಿಲ್ಲ. ಹೆಂಡತಿ ಹೇಳಿದಳು, ಐದು ಸಲ.

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಡೆಂಗಿಯಲ್ಲಿ ಹೆಚ್ಚು ಅಪಾಯ ಮಾಡುವುದು ರಕ್ತನಾಳದಿಂದ ನೀರಿನಂಶ ಹೊರಗೆ ಸೋರುವುದು. ಆಗ ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳಬಹುದು. ಅದಕ್ಕೇ ರಿಪೋರ್ಟಿನಲ್ಲಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿದೆಯಾ ಅಂತಲೂ ನೋಡಬೇಕು. ಇದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ ಶುರುವಾಗುತ್ತದೆ. ಜ್ವರ ಬಿಟ್ಟಿತು ಅಂತ ಮನೆಯವರು ನಿರಾಳವಾಗುವ ದಿನವೇ ಕಣ್ಣಿಟ್ಟು ನೋಡಬೇಕಾದ ದಿನ. ವಿಪರೀತ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಪರು, ಮೂತ್ರ ಕಡಿಮೆಯಾಗುವುದು. ಇದರಲ್ಲಿ ಒಂದು ಕಂಡರೂ ಸಂಖ್ಯೆ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಬೇಕು. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಹೊರಗಿನಿಂದ ಪ್ಲೇಟ್‌ಲೆಟ್ ಕೊಡುವ ಮಾತೇ ಬರುವುದಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿಯೂ ಇದೆಲ್ಲ ನನ್ನ ಮನಸ್ಸಿಗೆ ಇಳಿದದ್ದು ಆ ಸಂಜೆ.

ಮಗಳು ಗುಣವಾದಳು. ನಾನು ಕೌಂಟರಿನಲ್ಲಿ ಮಾತಾಡುವ ರೀತಿ ಬದಲಾಯಿತು.

ಪರಂಗಿ ಎಲೆ ರಸದ ವಿಷಯಕ್ಕೆ ಯಾರನ್ನೂ ಬೈಯುವುದಿಲ್ಲ. ಪ್ರೀತಿಯಿಂದಲೇ ಕೊಡುತ್ತಾರೆ, ಅಲ್ವಾ? ಆದರೆ ಒಂದು ಮಾತು ಹೇಳುತ್ತೇನೆ: "ಅಮ್ಮಾ, ಆ ಕಹಿಗೆ ಮಗು ವಾಂತಿ ಮಾಡಿದರೆ, ಅದು ರಸದಿಂದಲೋ ಕಾಯಿಲೆಯಿಂದಲೋ ಅಂತ ಗೊತ್ತಾಗಲ್ಲ. ಮೈಯಲ್ಲಿರುವ ನೀರೂ ಹೋಗುತ್ತೆ. ಗಂಜಿ, ಎಳನೀರು, ಓಆರ್‌ಎಸ್ ಕೊಡಿ." ಬೈದರೆ ಕೇಳದವರು ಇದನ್ನು ಕೇಳುತ್ತಾರೆ. ಮೈಕೈ ನೋವಿಗೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಐಬುಪ್ರೊಫೇನ್, ಆಸ್ಪಿರಿನ್ ತೆಗೆದುಕೊಳ್ಳುವುದು ಮಾತ್ರ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ, ರಕ್ತಸ್ರಾವ ಜಾಸ್ತಿಯಾಗಬಹುದು. ಪ್ಯಾರಾಸಿಟಮಾಲ್ ಸಾಕು, ಅದೂ ಡಾಕ್ಟರ್ ಹೇಳಿದಷ್ಟೇ.

ಗ್ರೂಪಿನಲ್ಲಿ ಗಾಬರಿಯ ಮೆಸೇಜ್ ಬಂದರೆ ಅಲ್ಲೇ ಜಗಳಕ್ಕೆ ಇಳಿಯುವುದಿಲ್ಲ. ಹಾಕಿದವರಿಗೆ ಫೋನ್ ಮಾಡಿ, "ಅಣ್ಣಾ, ಇದು ಯಾರ ಮನೆ ವಿಷಯ?" ಅಂತ ಕೇಳುತ್ತೇನೆ. ಹೆಚ್ಚಿನ ಸಲ ಯಾರ ಮನೆಯದೂ ಅಲ್ಲ. ಅವರೇ ಡಿಲೀಟ್ ಮಾಡುತ್ತಾರೆ.

ಕೌಂಟರಿನ ಮೇಲೆ ಮುಚ್ಚಿದ ಒಂದು ಗಾಜಿನ ಬಾಟಲಿ ಇಟ್ಟಿದ್ದೆ. ನಮ್ಮ ಲ್ಯಾಬ್ ಹಿಂದಿನ ಡ್ರಮ್ಮಿನದೇ ತಿಳಿ ನೀರು, ಅದರಲ್ಲಿ ತಲೆಕೆಳಗಾಗಿ ನೇತಾಡುವ ಹುಳಗಳು. ವಾರ ಹತ್ತು ದಿನದಲ್ಲಿ ಅವು ಸೊಳ್ಳೆಯಾಗುತ್ತವೆ ಅಂದರೆ ಜನ ಬಗ್ಗಿ ನೋಡುತ್ತಿದ್ದರು. ಫಾಗಿಂಗ್ ಹೊಗೆ ಹಾರುವ ಸೊಳ್ಳೆಗೆ ಮಾತ್ರ, ಈ ಹುಳಕ್ಕೆ ಏನೂ ಆಗಲ್ಲ ಅಂತ ವಿವರಿಸುತ್ತಿದ್ದೆ. ಚರಂಡಿ ಗಲೀಜಿಗೆ ಬೈಯುತ್ತಾ ಬಂದವರು ಮನೆಗೆ ಹೋಗಿ ಡ್ರಮ್ ಉಜ್ಜಿದ್ದೂ ಉಂಟು.

ಸೆಪ್ಟೆಂಬರ್‌ನಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಸೀಸದ ಕಡ್ಡಿಯಲ್ಲಿ ಗೀಟು ಹಾಕಿದ ಒಂದು ಕ್ಯಾಲೆಂಡರ್ ಹಾಳೆಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದರು. "ನಿನ್ನೆಯಿಂದ ಆರು ಸಲ ಒಂದಕ್ಕೆ ಹೋಗವ್ನೆ, ನೋಡಪ್ಪಾ" ಅಂತ ನನ್ನ ಮುಂದೆ ಬಿಡಿಸಿ ಇಟ್ಟರು.